ನಾವು ಯಾವ ಸುದ್ದಿಯನ್ನು ಯಾಕೆ ನಂಬುತ್ತೇವೆ? ಕೊಡಗಿನ ಓದುಗರಿಗೊಂದು ಕೈಪಿಡಿ

ಜುಲೈ ತಿಂಗಳಲ್ಲಿ ರಾತ್ರಿ ಎಂಟು ದಾಟಿತೆಂದರೆ ಕೊಡಗಿನ ಮನೆಮನೆಯಲ್ಲೂ ಒಂದೇ ಪ್ರಶ್ನೆ. ನಾಳೆ ಶಾಲೆಗೆ ರಜೆಯಾ? ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಕರೆಂಟ್ ಹೋಗಿರುತ್ತದೆ, ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತಿರುತ್ತದೆ. ಅಷ್ಟರಲ್ಲಿ ವಾಟ್ಸಾಪ್‌ಗೆ ರಜೆ ಆದೇಶದ ಫೋಟೋ ಬರುತ್ತದೆ. ಮಕ್ಕಳು ನೋಡಿದ ತಕ್ಷಣ ನಂಬುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕಾದ ಅಮ್ಮ, ಮಕ್ಕಳನ್ನು ಯಾರ ಹತ್ತಿರ ಬಿಡುವುದಪ್ಪಾ ಅಂತ ಯೋಚಿಸುತ್ತಾ, "ಇದು ಹೋದ ವರ್ಷದ್ದಿರಬೇಕು, ಡೇಟ್ ನೋಡು" ಅನ್ನುತ್ತಾರೆ. ಫೋಟೋ ಒಂದೇ. ಅದನ್ನು ನಂಬುವುದೋ ಬಿಡುವುದೋ ಅಂತ ತೀರ್ಮಾನ ಮಾಡಿದ್ದು ಅವರವರ ಬೇಕು-ಬೇಡಗಳು.

ಸುಳ್ಳು ಸುದ್ದಿ ಹಿಡಿಯುವುದು ಹೇಗೆ ಅಂತ ಹೇಳುವ ಬರಹಗಳು ಬೇಕಾದಷ್ಟಿವೆ. ಅವು ಸುದ್ದಿಯನ್ನು ಮುಂದಿಟ್ಟುಕೊಂಡು ಶುರು ಮಾಡುತ್ತವೆ. ಇಲ್ಲಿ ಓದುವವರಿಂದ ಶುರು ಮಾಡೋಣ. ನಮ್ಮ ತೋಟ, ನಮ್ಮ ಊರು, ನಮ್ಮ ಜಾತಿ, ನಮ್ಮ ಪಕ್ಷ, ನಮ್ಮ ಭಯ ಇವೆಲ್ಲ ಸೇರಿ ಯಾವ ಪತ್ರಿಕೆ "ನಮ್ಮದು", ಯಾವ ಚಾನೆಲ್ "ಅವರದ್ದು" ಅಂತ ಮೊದಲೇ ಗೆರೆ ಹಾಕಿಬಿಟ್ಟಿರುತ್ತವೆ. ಆ ಗೆರೆ ಎಲ್ಲಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಕೆಳಗಿನ ಹೆಜ್ಜೆಗಳಿಗೆ ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ.

ಮೊದಲ ಹೆಜ್ಜೆ: ಸುದ್ದಿ ಎಲ್ಲಿಂದ ಬರುತ್ತಿದೆ, ಬರೆದುಕೊಳ್ಳಿ

ಒಂದು ಇಡೀ ದಿನ ನಿಮ್ಮ ಕಿವಿಗೆ ಬಿದ್ದ, ಕಣ್ಣಿಗೆ ಬಿದ್ದ ಸುದ್ದಿಗಳನ್ನೆಲ್ಲ ಬರೆಯಿರಿ. ಎದುರಿಗೆ ಅದು ಎಲ್ಲಿಂದ ಬಂತು ಅಂತ ಹಾಕಿ. ನಮ್ಮ ಜಿಲ್ಲೆ ಚಿಕ್ಕದಾದರೂ ಪಟ್ಟಿ ಉದ್ದವಾಗುತ್ತದೆ. 1957ರಿಂದ ಮಡಿಕೇರಿಯಿಂದ ಬರುತ್ತಿರುವ 'ಶಕ್ತಿ' ಇದೆ. ಮೈಸೂರು, ಮಂಗಳೂರು ಕಡೆಯಿಂದ ಬರುವ ರಾಜ್ಯಮಟ್ಟದ ಪತ್ರಿಕೆಗಳ ಕೊಡಗು ಪುಟಗಳಿವೆ. 103.1ರಲ್ಲಿ ಮಡಿಕೇರಿ ಆಕಾಶವಾಣಿ ಇದೆ. ಕನ್ನಡ ಚಾನೆಲ್‌ಗಳಿವೆ, ಗಡಿ ಕಡೆಯ ಎಷ್ಟೋ ಮನೆಗಳಲ್ಲಿ ಮಲಯಾಳಂ ಚಾನೆಲ್ ಕೂಡ ಇದೆ. ಯೂಟ್ಯೂಬ್, ಫೇಸ್‌ಬುಕ್‌ನ ಸ್ಥಳೀಯ ಸುದ್ದಿ ಪುಟಗಳಿವೆ. ಇದೆಲ್ಲದರ ಮೇಲೆ ಒಕ್ಕದ (ಕೊಡವ ಮನೆತನದ) ಗ್ರೂಪು, ಸಂಘದ ಗ್ರೂಪು, ಬೆಳೆಗಾರರ ಗ್ರೂಪು, ಶಾಲೆಯ ಗ್ರೂಪು, ದೇವಸ್ಥಾನ, ಮಸೀದಿ, ಚರ್ಚಿನ ಗ್ರೂಪು. ಸಂತೆಯಲ್ಲಿ ಸಿಕ್ಕಿದವರು ಹೇಳಿದ್ದು ಬೇರೆ.

ಸಂಜೆ ಪಟ್ಟಿ ನೋಡಿ. ಹೆಚ್ಚಿನವರಿಗೆ ಎರಡು ಸಂಗತಿ ಕಾಣುತ್ತದೆ. "ಪೇಪರ್‌ನಲ್ಲಿ ಬಂದಿದೆ" ಅಂತ ನಾವು ಹೇಳುವ ಎಷ್ಟೋ ಸುದ್ದಿಯನ್ನು ನಾವು ಪೇಪರ್‌ನಲ್ಲಿ ಓದಿಯೇ ಇರುವುದಿಲ್ಲ, ಪೇಪರ್ ಕಟಿಂಗಿನ ಫೋಟೋ ನೋಡಿರುತ್ತೇವೆ. ಇನ್ನೊಂದು, ಎಲ್ಲಿಂದ ಬಂತು ಅನ್ನುವ ಜಾಗದಲ್ಲಿ ಕಳಿಸಿದವರ ಹೆಸರು ಬರೆದಿರುತ್ತೇವೆ. ಮಾವ ಕಳಿಸಿದರು, ಅಕ್ಕ ಕಳಿಸಿದಳು. ಕಳಿಸಿದವರು ಬೇರೆ, ಹೇಳಿದವರು ಬೇರೆ. ಮಾವನ ಮೇಲಿನ ವಿಶ್ವಾಸವೆಲ್ಲ ಯಾರೋ ಗೊತ್ತಿಲ್ಲದವರು ಮಾಡಿದ ವಿಡಿಯೋಗೆ ಸುಮ್ನೆ ದಾಟಿಹೋಗಿರುತ್ತದೆ. ಪಟ್ಟಿಯಲ್ಲಿ ಹಾಗೆ ದಾಟಿಹೋದ ಸಾಲುಗಳಿಗೆಲ್ಲ ಒಂದು ಗುರುತು ಹಾಕಿ.

ಎರಡನೇ ಹೆಜ್ಜೆ: ನಿಮಗೆ ಬಿಸಿ ತಟ್ಟುವ ವಿಷಯಗಳು ಯಾವುವು?

ಇದು ಸ್ವಲ್ಪ ಮುಜುಗರದ ಕೆಲಸ. ಅದಕ್ಕೇ ನೋಟ್‌ಬುಕ್ ಯಾರಿಗೂ ತೋರಿಸಬೇಡಿ.

ಯಾವ ವಿಷಯದ ಸುದ್ದಿ ಬಂದರೆ ನಿಮಗೆ ಓದುವ ಮೊದಲೇ ಸಿಟ್ಟೋ ಖುಷಿಯೋ ಬರುತ್ತದೆ, ಅದನ್ನು ಬರೆಯಿರಿ. ನಮ್ಮಲ್ಲಿ ಇದಕ್ಕೆ ಬರ ಇಲ್ಲ. ಜಮ್ಮಾ ಬಾಣೆ (ವಂಶಪಾರಂಪರ್ಯವಾಗಿ ಬಂದ ಜಮೀನು), ಕೋವಿ ವಿನಾಯಿತಿ (ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ಹಕ್ಕು), ಹೋಂಸ್ಟೇ, ರೈಲು, ತೋಟಕ್ಕೆ ಬರುವ ಆನೆ, ಲೈನ್‌ಮನೆಗೆ ಹೊಸದಾಗಿ ಬಂದ ಕಾರ್ಮಿಕರು, ಜಾತ್ರೆ, ಜಯಂತಿ. ಪ್ರತಿಯೊಂದರ ಪಕ್ಕದಲ್ಲಿ ನಿಮ್ಮ ನಿಲುವನ್ನು ಒಂದೇ ಸಾಲಿನಲ್ಲಿ ಹಾಕಿ. ಆಮೇಲೆ, ಈ ವಿಷಯದಲ್ಲಿ ನಾನು ನಂಬುವ ಸುದ್ದಿಮೂಲ ಯಾವುದು, ನಂಬದ್ದು ಯಾವುದು ಅಂತ ಬರೆಯಿರಿ. ನಂಬುವ ಮೂಲ ಪ್ರತಿ ಸಲವೂ ನಿಮ್ಮ ನಿಲುವಿನ ಪಕ್ಕದಲ್ಲೇ ಕೂತಿದ್ದರೆ ಅಲ್ಲಿ ನಿಂತು ಯೋಚಿಸಬೇಕು.

ಪಶ್ಚಿಮ ಘಟ್ಟದ ವಿಚಾರವನ್ನೇ ತಗೊಳ್ಳಿ. ಘಟ್ಟವನ್ನು ಉಳಿಸುವುದು ಹೇಗೆ ಅನ್ನುವ ಗಾಡ್ಗೀಳ್ ಸಮಿತಿ ವರದಿ ಬಂದದ್ದು 2011ರಲ್ಲಿ, ಅದೇ ವಿಷಯದ ಕಸ್ತೂರಿರಂಗನ್ ವರದಿ 2013ರಲ್ಲಿ. ಅದಾದ ಮೇಲೆ ಕರಡು ಅಧಿಸೂಚನೆಗಳು ಒಂದರ ಹಿಂದೆ ಒಂದು ಬಂದವು. ಆರನೆಯದು ಬಂದದ್ದು 2024ರ ಜುಲೈ 31ಕ್ಕೆ. ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿ ಕೊಡಗಿನ 55 ಗ್ರಾಮಗಳಿವೆ. ಈ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಏನಾಗುತ್ತದೆ ನೋಡಿ. ಪಟ್ಟಿಯಲ್ಲಿರುವ ಗ್ರಾಮದ ಬೆಳೆಗಾರರು ಓದಿ, "ಇವರು ಪರಿಸರವಾದಿಗಳ ಕಡೆ" ಅನ್ನುತ್ತಾರೆ. ಕಾಡು ಉಳಿಯಲಿ ಅನ್ನುವವರು ಅದೇ ಪುಟ ಓದಿ, "ಎಸ್ಟೇಟಿನವರ ಪೇಪರ್ ಅಲ್ವಾ, ಇನ್ನೇನು ಬರೀತಾರೆ" ಅನ್ನುತ್ತಾರೆ. ವರದಿಗಾರ ಪಾಪ ಇಬ್ಬರ ಮಾತನ್ನೂ ಹಾಕಿರುತ್ತಾನೆ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. 1982ರಲ್ಲಿ ಬೈರೂತ್‌ನಲ್ಲಿ ನಡೆದ ಹತ್ಯಾಕಾಂಡದ ಟೀವಿ ವರದಿಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವರು ಇಸ್ರೇಲ್ ಪರ, ಕೆಲವರು ಅರಬರ ಪರ. ಎಲ್ಲರೂ ನೋಡಿದ್ದು ಅದೇ ತುಣುಕುಗಳನ್ನು. ಇಸ್ರೇಲ್ ಪರ ಇದ್ದವರಿಗೆ ಅದು ಇಸ್ರೇಲ್ ವಿರೋಧಿ ಅನಿಸಿತು, ಅರಬರ ಪರ ಇದ್ದವರಿಗೆ ಅರಬ್ ವಿರೋಧಿ ಅನಿಸಿತು. ವಲೋನ್, ರಾಸ್, ಲೆಪ್ಪರ್ ಎಂಬ ಮೂವರು 1985ರಲ್ಲಿ ಇದನ್ನು ಪ್ರಕಟಿಸಿದರು. ಅಷ್ಟೇ ಅಲ್ಲ, ವಿಷಯದ ಬಗ್ಗೆ ಜಾಸ್ತಿ ತಿಳಿದುಕೊಂಡಿದ್ದವರಿಗೆ ಪಕ್ಷಪಾತವೂ ಜಾಸ್ತಿ ಕಂಡಿತ್ತು. "ನನಗೆ ಈ ವಿಷಯ ಚೆನ್ನಾಗಿ ಗೊತ್ತು, ಅದಕ್ಕೇ ಇವರ ಮೋಸ ಕಾಣುತ್ತದೆ" ಅಂತ ಅನಿಸಿದಾಗ ಈ ಮಾತು ನೆನಪಿರಲಿ.

ಹಾಗಂತ ಪತ್ರಿಕೆಗಳು ಪಕ್ಷಪಾತ ಮಾಡುವುದೇ ಇಲ್ಲ ಅಂತಲ್ಲ. ಮಾಡುತ್ತವೆ. ನಮ್ಮ ಸಿಟ್ಟು ಅದನ್ನು ಅಳೆಯುವ ಅಳತೆಗೋಲಾಗಬಾರದು ಅಷ್ಟೆ.

ಮೂರನೇ ಹೆಜ್ಜೆ: ಹೆಸರು ಮುಚ್ಚಿ ಓದಿ

ಸುಲಭದ ಕಸರತ್ತು. ಮನೆಯಲ್ಲಿ ಇಬ್ಬರಿದ್ದರೆ ಇನ್ನೂ ಚೆಂದ. ಒಂದೇ ಘಟನೆಯ ಬಗ್ಗೆ ನೀವು ನಂಬುವ ಕಡೆಯಿಂದ ಒಂದು, ನಂಬದ ಕಡೆಯಿಂದ ಒಂದು ಸುದ್ದಿ ಆರಿಸಿ. ಪತ್ರಿಕೆ ಹೆಸರು, ಚಾನೆಲ್ ಲೋಗೋ ಎಲ್ಲ ಬಿಟ್ಟು ಬರೀ ವಾಕ್ಯಗಳನ್ನು ಇನ್ನೊಬ್ಬರು ಓದಿ ಹೇಳಲಿ. ಯಾವುದು ಸರಿ ಅನಿಸಿತು, ಯಾಕೆ ಅಂತ ಹೇಳಿ. ಆಮೇಲೆ ಹೆಸರು ಕೇಳಿ.

ಯೇಲ್ ವಿಶ್ವವಿದ್ಯಾಲಯದಲ್ಲಿ ಹೊವ್ಲಂಡ್ ಮತ್ತು ವೈಸ್ 1951ರಲ್ಲಿ ಹೆಸರು ಬದಲಿಸಿ ನೋಡಿದ್ದರು. ಅಣುಶಕ್ತಿಯ ಸಬ್‌ಮರೀನ್ ಸಾಧ್ಯವಾ ಅನ್ನುವ ಲೇಖನವನ್ನು ಕೆಲವರಿಗೆ ವಿಜ್ಞಾನಿ ಓಪನ್‌ಹೈಮರ್ ಹೆಸರಲ್ಲಿ ಕೊಟ್ಟರು. ಇನ್ನು ಕೆಲವರಿಗೆ ಅದನ್ನೇ ಸೋವಿಯತ್ ಪತ್ರಿಕೆ ಪ್ರಾವ್ಡಾ ಹೆಸರಲ್ಲಿ ಕೊಟ್ಟರು. ನಿರೀಕ್ಷೆ ಮಾಡಿದ ಹಾಗೆ ನಂಬಲರ್ಹ ಹೆಸರಿದ್ದಾಗ ಜಾಸ್ತಿ ಜನ ಅಭಿಪ್ರಾಯ ಬದಲಿಸಿದರು. ಮಜಾ ಇರುವುದು ಆಮೇಲೆ. ನಾಲ್ಕು ವಾರ ಬಿಟ್ಟು ಕೇಳಿದಾಗ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಏನು ಹೇಳಿದರು ಅನ್ನುವುದು ತಲೆಯಲ್ಲಿ ಉಳಿದಿತ್ತು, ಯಾರು ಹೇಳಿದರು ಅನ್ನುವುದು ಅದರಿಂದ ಕಳಚಿಕೊಂಡಿತ್ತು.

ಅಂದರೆ, "ಇದೆಲ್ಲ ಬೋಗಸ್ ಪೇಜು, ಸುಮ್ನೆ ಟೈಮ್‌ಪಾಸ್‌ಗೆ ನೋಡ್ತೀನಿ" ಅಂತ ನೀವು ನೋಡುವ ವಿಡಿಯೋ ಕೂಡ ಒಳಗೆ ಕೂರುತ್ತದೆ. ತಿಂಗಳಾದ ಮೇಲೆ ಗೋಣಿಕೊಪ್ಪದ ಸಂತೆಯಲ್ಲಿ ನಿಂತು ಅದನ್ನೇ "ಎಲ್ಲೋ ಓದಿದೆ" ಅಂತ ಹೇಳುತ್ತೀರಿ. ನಂಬದ ಮೂಲಗಳನ್ನು ಟೈಮ್‌ಪಾಸ್‌ಗೂ ನೋಡದೇ ಇರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ನಾಲ್ಕನೇ ಹೆಜ್ಜೆ: ಮಳೆಯ ಪುಸ್ತಕದಿಂದ ನಂಬಿಕೆ ಅಳೆಯಿರಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ ಇದು. ಕೊಡಗಿನಲ್ಲಿ ಬಿಟ್ಟರೆ ಬೇರೆ ಕಡೆ ಇಷ್ಟು ಸಲೀಸಾಗಿ ಮಾಡಲಿಕ್ಕೆ ಬರುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಮಳೆಮಾಪಕ ಇದೆ, ಪಕ್ಕದಲ್ಲೊಂದು ಪುಸ್ತಕ ಇದೆ. ಬೆಳಿಗ್ಗೆ ಕಾಫಿ ಕುಡಿದು, ಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆಯುವ ಅಭ್ಯಾಸ ಅಜ್ಜನ ಕಾಲದಿಂದ ಬಂದದ್ದು.

ಹವಾಮಾನ ಇಲಾಖೆಯನ್ನು ಬೈಯುವುದೂ ಅಷ್ಟೇ ಹಳೆಯ ಅಭ್ಯಾಸ. "ರೆಡ್ ಅಲರ್ಟ್ ಅಂದರು, ಬಿಸಿಲು ಬಂತು." ಇದನ್ನು ಹೇಳುವವರು ಎಲ್ಲಿ ನಿಂತು ಹೇಳುತ್ತಿದ್ದಾರೆ ಅಂತ ನೋಡಿ. ಅಲರ್ಟ್ ಕೊಡುವುದು ಇಡೀ ಜಿಲ್ಲೆಗೆ. ಭಾಗಮಂಡಲದಲ್ಲಿ ಐದು ಇಂಚು ಬಿದ್ದ ದಿನ ಕುಶಾಲನಗರದಲ್ಲಿ ಅರ್ಧ ಇಂಚೂ ಬೀಳದೆ ಇರಬಹುದು. ಒಂದು ಕಡೆ ಘಟ್ಟದ ನೆತ್ತಿ, ಇನ್ನೊಂದು ಕಡೆ ಬಯಲಿಗೆ ಇಳಿಯುವ ಸೀಮೆ. ಕುಶಾಲನಗರದವರ ಅನುಭವ ಸುಳ್ಳಲ್ಲ. ಆದರೆ ಆ ಅನುಭವವನ್ನು ಇಡೀ ಜಿಲ್ಲೆಗೆ ಹಾಸಿದರೆ ಇಲಾಖೆ ಸುಳ್ಳುಗಾರ ಆಗುತ್ತದೆ, ಭಾಗಮಂಡಲದವರಿಗೆ ಅದೇ ಇಲಾಖೆ ಸತ್ಯವಂತ.

ಈ ಮಳೆಗಾಲದಲ್ಲಿ ಹೀಗೆ ಮಾಡಿ. ಮಳೆ ಪುಸ್ತಕದಲ್ಲಿ ಇನ್ನೆರಡು ಕಾಲಂ ಎಳೆಯಿರಿ. ಒಂದರಲ್ಲಿ ಹಿಂದಿನ ದಿನ ಇಲಾಖೆ ಕೊಟ್ಟ ಅಲರ್ಟ್ ಬಣ್ಣ, ಇನ್ನೊಂದರಲ್ಲಿ ನಿಮ್ಮ ಗ್ರೂಪಿನಲ್ಲಿ ಓಡಾಡಿದ ಭವಿಷ್ಯ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರಿ ಮಳೆ. 115.6ರಿಂದ 204.4ರವರೆಗೆ ಅತಿ ಭಾರಿ. ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು ಈ ಮೂರು ಗೆರೆಗಳು. ನಿಮ್ಮ ಮಾಪಕದ ಅಂಕಿ ಮಾತ್ರ ಸಾಲದು, ಮರುದಿನದ ಪತ್ರಿಕೆಯಲ್ಲಿ ಬರುವ ಬೇರೆ ಹೋಬಳಿಗಳ ಮಳೆ ವಿವರವನ್ನೂ ಪಕ್ಕದಲ್ಲಿ ಹಾಕಿ.

ಸೆಪ್ಟೆಂಬರ್ ಕೊನೆಗೆ ಕೂತು ಲೆಕ್ಕ ಮಾಡಿ. ಇಲಾಖೆ ಎಷ್ಟು ಸಲ ಸರಿ, ಗ್ರೂಪ್ ಎಷ್ಟು ಸಲ ಸರಿ? ಉತ್ತರ ಏನೇ ಬರಲಿ, ಮುಂದಿನ ವರ್ಷ ನೀವು ನಂಬುವುದೂ ನಂಬದೇ ಇರುವುದೂ ಕೈಯಲ್ಲಿರುವ ಅಂಕಿಯ ಮೇಲೆ ನಿಂತಿರುತ್ತದೆ. ನೆನಪನ್ನು ಮಾತ್ರ ನಂಬಬೇಡಿ. ತಪ್ಪಾದ ರೆಡ್ ಅಲರ್ಟ್ ವರ್ಷಗಟ್ಟಲೆ ನೆನಪಿರುತ್ತದೆ, ಸರಿಯಾದದ್ದು ಮರುದಿನವೇ ಮರೆತುಹೋಗುತ್ತದೆ.

ಐದನೇ ಹೆಜ್ಜೆ: ಯಾರಿಗೆ ಏನು ಗೊತ್ತು, ಯಾರಿಗೆ ಏನು ಲಾಭ?

ಒಂದು ಮೂಲವನ್ನು ಪೂರ್ತಿ ನಂಬುವುದು ಅಥವಾ ಪೂರ್ತಿ ಬಿಡುವುದು ಸೋಮಾರಿತನ. ವಿಷಯಕ್ಕೆ ತಕ್ಕ ಹಾಗೆ ನಂಬಬೇಕು. ಕಾಫಿ ರೇಟನ್ನೇ ನೋಡಿ. ಕೊಯ್ಲಿನ ಸಮಯದಲ್ಲಿ "ರೇಟ್ ಬೀಳುತ್ತೆ, ಈಗಲೇ ಕೊಟ್ಟುಬಿಡಿ" ಅನ್ನುವ ವಾಯ್ಸ್ ಮೆಸೇಜ್ ಓಡಾಡುತ್ತದೆ. ಹೇಳುವ ವ್ಯಾಪಾರಿಗೆ ಮಾರುಕಟ್ಟೆ ನಮಗಿಂತ ಚೆನ್ನಾಗಿ ಗೊತ್ತು, ಅದು ನಿಜ. ಆದರೆ ನಾವು ಈಗ ಕೊಟ್ಟರೆ ಅವರಿಗೆ ಲಾಭ, ಅದೂ ನಿಜ. ಇನ್ನೊಂದು ಕಡೆ, "ಇಟ್ಟುಕೊಳ್ಳಿ, ಚೀಲಕ್ಕೆ ಇನ್ನೂ ಏರುತ್ತೆ" ಅನ್ನುವ ಬೆಳೆಗಾರ ಮಿತ್ರರ ಮನೆಯಲ್ಲಿ ಚೀಲಗಳು ಹಾಗೇ ಇರುತ್ತವೆ. ಅವರು ಹೇಳುವುದು ಅವರ ಆಸೆ. ನಮಗೂ ಅದೇ ಆಸೆ, ಅದಕ್ಕೇ ಅವರ ಮಾತು ಬೇಗ ಹಿಡಿಸುತ್ತದೆ.

ಇಂಥ ಕಡೆ ಲಾಭನಷ್ಟ ಇಲ್ಲದ ಮೂರನೆಯವರನ್ನು ಹುಡುಕಿ. ಕಾಫಿ ಮಂಡಳಿ ದಿನದ ಮಾರುಕಟ್ಟೆ ವಿವರ ಕೊಡುತ್ತದೆ. ರೋಬಸ್ಟಾಗೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆಯ ಅಂಕಿಗಳು ಫೋನಿನಲ್ಲೇ ಸಿಗುತ್ತವೆ. ಅದನ್ನು ನೋಡಿಕೊಂಡು ಆಮೇಲೆ 50 ಕೆ.ಜಿ. ಚೀಲದ ಮಾತಿಗೆ ಬನ್ನಿ.

ಡ್ಯಾಮ್ ವಿಷಯದಲ್ಲೂ ಹೀಗೇ. ಹಾರಂಗಿಯ ಪೂರ್ಣ ಮಟ್ಟ 2,859 ಅಡಿ. ಇವತ್ತಿನ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಯಲ್ಲಿ ಬರುತ್ತದೆ, ಆಕಾಶವಾಣಿಯಲ್ಲೂ ಕೇಳಬಹುದು. "ಡ್ಯಾಮ್ ಒಡೆಯುತ್ತಂತೆ" ಅನ್ನುವ ಮೆಸೇಜಿನಲ್ಲಿ ಈ ಮೂರು ಅಂಕಿ ಯಾವತ್ತೂ ಇರುವುದಿಲ್ಲ.

ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರಿಗೆ ಗೊತ್ತಿರುತ್ತದೆ. ಆದರೆ ಬೆಳೆ ಪರಿಹಾರ ಯಾಕೆ ತಡ ಆಯಿತು ಅನ್ನುವ ಪ್ರಶ್ನೆಗೆ ಇಲಾಖೆಯ ಪ್ರಕಟಣೆಯಲ್ಲಿ ಉತ್ತರ ಹುಡುಕಿದರೆ ಸಿಗುವುದಿಲ್ಲ. ಅದಕ್ಕೆ ಪತ್ರಕರ್ತ ಬೇಕು. ಸರ್ಕಾರಿ ಮೂಲ ಅಂದರೆ ಸತ್ಯ ಅಂತ ಕಣ್ಣು ಮುಚ್ಚುವವರಿಗೂ, ಸರ್ಕಾರ ಅಂದರೆ ಬರೀ ಸುಳ್ಳು ಅನ್ನುವವರಿಗೂ ಈ ವ್ಯತ್ಯಾಸ ಕಾಣುವುದಿಲ್ಲ.

2018ರ ಮಳೆಗಾಲ ಇದಕ್ಕೆ ದೊಡ್ಡ ಉದಾಹರಣೆ. ಜುಲೈ 9ಕ್ಕೆ ಲಘುವಾಗಿ ಭೂಮಿ ಕಂಪಿಸಿತ್ತು. ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಬೆಟ್ಟಗಳು ಕುಸಿದವು. ಕಾರಣ ಏನು ಅಂತ ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು. ಪ್ರವಾಸಿಗರ ಕಾಟ ಸಾಕಾಗಿದ್ದವರು ಹೋಂಸ್ಟೇ ಅಂದರು. ಹೊಳೆ ದಂಡೆಯಲ್ಲಿ ಮನೆ ಮುಳುಗಿಸಿಕೊಂಡವರು ಡ್ಯಾಮ್ ಅಂದರು. ದೈವದ ಮೇಲೆ ಭಾರ ಹಾಕಿದವರು ಪಾಪದ ಫಲ ಅಂದರು. ಇನ್ನು ಕೆಲವರು ಎಲ್ಲವನ್ನೂ ಭೂಕಂಪದ ತಲೆಗೆ ಕಟ್ಟಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬಂದು ಪರಿಶೀಲಿಸಿ, ವಿಪರೀತ ಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನು ಬೊಟ್ಟು ಮಾಡಿತು. ಎಷ್ಟು ಜನ ಆ ವರದಿಯಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಇಟ್ಟುಕೊಂಡರು! ತಮ್ಮ ಮನೆ ಹಿಂದಿನ ಬರೆ (ಇಳಿಜಾರಿನ ಮಣ್ಣು) ಕಡಿದವರಿಗೆ ಮಳೆ ಮಾತ್ರ ಕಂಡಿತು.

ಆರನೇ ಹೆಜ್ಜೆ: ಒಂದು ಮೆಸೇಜನ್ನು ಬಿಚ್ಚಿ ನೋಡುವುದು

ರಜೆ ಆದೇಶದ ಫೋಟೋಗೇ ಬರೋಣ. ನಿಮ್ಮ ಒಲವು ಗೊತ್ತಾಯಿತು, ಇನ್ನು ಕೈಕೆಲಸ.

ಫೋಟೋವನ್ನು ದೊಡ್ಡದು ಮಾಡಿ. ದಿನಾಂಕ ಎರಡು ಕಡೆ ಇರುತ್ತದೆ, ಆದೇಶ ಹೊರಡಿಸಿದ್ದು ಮತ್ತು ರಜೆಯದ್ದು. ಎರಡೂ ಹೊಂದಬೇಕು. ಹಳೆ ಆದೇಶ ತಿದ್ದುವವರು ಒಂದನ್ನು ಬದಲಿಸಿ ಇನ್ನೊಂದನ್ನು ಮರೆತಿರುತ್ತಾರೆ. ತಿದ್ದಿದ ಅಂಕಿಯ ಅಕ್ಷರ ಪಕ್ಕದ ಅಕ್ಷರಕ್ಕಿಂತ ದಪ್ಪ ಇರುತ್ತದೆ, ಅಥವಾ ಅದರ ಹಿಂದಿನ ಕಾಗದ ಸ್ವಲ್ಪ ಹೆಚ್ಚು ಬಿಳಿ ಇರುತ್ತದೆ. ವಾರ ಸರಿ ಇದೆಯಾ ನೋಡಿ, ಕ್ಯಾಲೆಂಡರ್ ಗೋಡೆಯಲ್ಲೇ ಇದೆಯಲ್ಲ. ಇಡೀ ಜಿಲ್ಲೆಗೋ ಒಂದೆರಡು ತಾಲೂಕಿಗೋ, ಅಂಗನವಾಡಿಗೋ ಪಿಯುಸಿವರೆಗೋ ಅಂತ ಓದಿ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ತುಂಬಾ ಕೈ ದಾಟಿ ಬಂದದ್ದು. ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಲು ವಾಟ್ಸಾಪ್ 2020ರಿಂದ ಬಿಡುತ್ತದೆ. ಬಾಣ ಇದ್ದ ಮಾತ್ರಕ್ಕೆ ಸುಳ್ಳಲ್ಲ, ನಿಜವಾದ ರಜೆ ಆದೇಶಕ್ಕೂ ಬಾಣ ಇರುತ್ತದೆ.

ಇಷ್ಟು ಮಾಡಿದ ಮೇಲೆ ಫೋಟೋ ಬಿಟ್ಟು ಹೊರಗೆ ಬನ್ನಿ. ಜಿಲ್ಲಾಡಳಿತದ ಅಧಿಕೃತ ಪುಟ ನೋಡಿ, ಆಕಾಶವಾಣಿ ಹಾಕಿ, ಶಾಲೆಯ ಗ್ರೂಪಿನಲ್ಲಿ ಮುಖ್ಯೋಪಾಧ್ಯಾಯರು ಏನು ಹಾಕಿದ್ದಾರೆ ನೋಡಿ. ಹೊರಗೆ ಬರುವುದು ಯಾಕೆ ಮುಖ್ಯ ಅಂದರೆ, ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಅಧ್ಯಯನ ಮಾಡಿದ್ದರು. 10 ಜನ ಇತಿಹಾಸ ವಿದ್ವಾಂಸರು, 25 ವಿದ್ಯಾರ್ಥಿಗಳು, ಸುದ್ದಿ ಪರಿಶೀಲನೆಯನ್ನೇ ವೃತ್ತಿ ಮಾಡಿಕೊಂಡ 10 ಜನ. ವಿದ್ವಾಂಸರೂ ವಿದ್ಯಾರ್ಥಿಗಳೂ ಎದುರಿಗಿದ್ದ ಪುಟವನ್ನೇ ಮೇಲಿಂದ ಕೆಳಗೆ ಓದುತ್ತಾ ಕೂತರು, ಚೆಂದದ ಲೋಗೋ ನೋಡಿ ಮರುಳಾದರು. ಪರಿಶೀಲಕರು ಪುಟವನ್ನು ಅಲ್ಲೇ ಬಿಟ್ಟು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಬೇಗ ಗೆದ್ದದ್ದು ಅವರೇ. ಓದಿದವರು, ತಿಳಿದವರು ಮೋಸ ಹೋಗುವುದಿಲ್ಲ ಅನ್ನುವ ನಂಬಿಕೆಗೆ ಇದು ಒಂದು ಪೆಟ್ಟು.

ಹುಲಿ, ಆನೆ, ರಸ್ತೆ ಕುಸಿತದ ವಿಡಿಯೋಗಳಿಗೆ ಬೇರೆ ಉಪಾಯ. ಒಂದು ದೃಶ್ಯವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ನಮ್ಮ ಘಾಟಿ ಅಂತ ಓಡಾಡುತ್ತಿದ್ದದ್ದು ಬೇರೆ ರಾಜ್ಯದ ಹಳೇ ವಿಡಿಯೋ ಆಗಿರಬಹುದು. ಮೈಲುಗಲ್ಲು, ಅಂಗಡಿಯ ಬೋರ್ಡಿನ ಭಾಷೆ, ವಾಹನದ ನಂಬರ್ ನೋಡಿ. ಕೆಎ 12 ಇಲ್ಲದ ಬೀದಿಯಲ್ಲಿ ಕೊಡಗಿನ ಹುಲಿ ಓಡಾಡುವುದು ಸ್ವಲ್ಪ ಕಷ್ಟ.

ಏಳನೇ ಹೆಜ್ಜೆ: ನಾಲ್ಕು ಗ್ರೂಪ್, ಒಂದೇ ಬಾಯಿ

ಒಂದೇ ಮಾತು ಮತ್ತೆ ಮತ್ತೆ ಕೇಳಿದರೆ ನಿಜ ಅನಿಸತೊಡಗುತ್ತದೆ. 1977ರಲ್ಲೇ ಅಮೆರಿಕದ ಸಂಶೋಧಕರು ಇದನ್ನು ತೋರಿಸಿದ್ದಾರೆ. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಸೇರ್ಪಡೆ ಇದೆ. ಜನ ಕಡಿಮೆ, ಎಲ್ಲರಿಗೂ ಎಲ್ಲರೂ ಗೊತ್ತು, ಒಬ್ಬರೇ ಐದು ಗ್ರೂಪಿನಲ್ಲಿ ಇರುತ್ತಾರೆ. "ನಾಲ್ಕು ಕಡೆಯಿಂದ ಬಂತು" ಅಂದಾಗ ಮೆಸೇಜಿನ ಪದಗಳನ್ನು ಹೋಲಿಸಿ. ಅದೇ ಕಾಗುಣಿತ ತಪ್ಪು ನಾಲ್ಕರಲ್ಲೂ ಇದ್ದರೆ ಹೊರಟದ್ದು ಒಂದೇ ಕಡೆಯಿಂದ.

ಎಂಟನೇ ಹೆಜ್ಜೆ: ಹಿರಿಯರ ಜೊತೆ ಮಾತಾಡುವಾಗ

ಇಲ್ಲಿ ಎಡವುವವರು ಜಾಸ್ತಿ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗಳು, ಅಪ್ಪ ಹಾಕಿದ ಮೆಸೇಜಿನ ಕೆಳಗೆ ಒಕ್ಕದ ಗ್ರೂಪಿನಲ್ಲೇ "ಇದು ಫೇಕ್" ಅಂತ ಹಾಕಿಬಿಡುತ್ತಾಳೆ. ಅಲ್ಲಿಗೆ ಸುದ್ದಿ ಮೂಲೆಗೆ ಹೋಯಿತು, ಮಾನದ ಪ್ರಶ್ನೆ ಬಂತು. ಅಪ್ಪ ಇನ್ನು ಆ ಸುದ್ದಿಯನ್ನು ಬಿಡುವುದೇ ಇಲ್ಲ.

ಖಾಸಗಿಯಾಗಿ ಕೇಳಿ. ಪ್ರಶ್ನೆ ಕೇಳಿ, ತೀರ್ಪು ಕೊಡಬೇಡಿ.

"ಮಾವ, ಈ ವಿಡಿಯೋ ಯಾರು ಕಳಿಸಿದ್ದು?"

"ನಮ್ಮ ಸಂಘದ ಗ್ರೂಪಲ್ಲಿ ಬಂತು."

"ಗ್ರೂಪಿಗೆ ಹಾಕಿದವರು ನೋಡಿದ್ದಾರಂತಾ, ಯಾರೋ ಕಳಿಸಿದ್ದಾ?"

"ಅದು ಗೊತ್ತಿಲ್ಲ. ಇರು, ಕೇಳ್ತೀನಿ."

ಆ ಕೊನೆಯ ಮಾತು ಬಂತೆಂದರೆ ನಿಮ್ಮ ಕೆಲಸ ಮುಗಿಯಿತು. ಅವರೇ ಕೇಳಲಿ. ಸುದ್ದಿ ಸುಳ್ಳು ಅಂತ ಗೊತ್ತಾದರೆ ಗ್ರೂಪಿನಲ್ಲಿ ತಿದ್ದುಪಡಿ ಹಾಕುವ ಗೌರವವೂ ಅವರಿಗೇ ಸಿಗಲಿ. ಹಿರಿಯರು ಹಾಕಿದ ತಿದ್ದುಪಡಿಗೆ ನಮ್ಮ ಹತ್ತು ಫ್ಯಾಕ್ಟ್‌ಚೆಕ್ ಲಿಂಕ್‌ಗಿಂತ ತೂಕ ಜಾಸ್ತಿ.

ಇನ್ನೊಂದು ಮಾತು. ಮೋಸ ಹೋಗುವುದು ಬೇರೆಯವರು, ನಾನಲ್ಲ ಅನ್ನುವ ಭಾವನೆ ಎಲ್ಲರಿಗೂ ಇರುತ್ತದೆ. 1983ರಲ್ಲಿ ಡೇವಿಸನ್ ಎಂಬ ಸಮಾಜಶಾಸ್ತ್ರಜ್ಞ ಇದರ ಬಗ್ಗೆ ಬರೆದಿದ್ದಾರೆ. ಮಗಳು ಅಪ್ಪನ ಬಗ್ಗೆ ಹಾಗೆ ಅಂದುಕೊಳ್ಳುತ್ತಾಳೆ, ಅಪ್ಪ ಲೈನ್‌ಮನೆಯವರ ಬಗ್ಗೆ ಹಾಗೆ ಅಂದುಕೊಳ್ಳುತ್ತಾರೆ. ಲೈನ್‌ಮನೆಯವರು ಇಬ್ಬರ ಬಗ್ಗೆಯೂ ಏನು ಅಂದುಕೊಳ್ಳುತ್ತಾರೋ, ಯಾರೂ ಕೇಳಿಲ್ಲ.

ಒಂಬತ್ತನೇ ಹೆಜ್ಜೆ: ತಪ್ಪು ಬೇರೆ, ಸುಳ್ಳು ಬೇರೆ

ಇಷ್ಟೆಲ್ಲ ಓದಿದ ಮೇಲೆ "ಯಾವುದನ್ನೂ ನಂಬಲ್ಲ" ಅನ್ನುವ ಹಂತಕ್ಕೆ ಹೋಗಬೇಡಿ. ಎಲ್ಲರೂ ಕಳ್ಳರು ಅನ್ನುವವರನ್ನು ನೋಡಿ, ಕೊನೆಗೆ ಅವರು ತಮಗೆ ಇಷ್ಟವಾದ ಒಬ್ಬ ಯೂಟ್ಯೂಬರ್‌ನನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಿರುತ್ತಾರೆ.

ಪತ್ರಿಕೆಗಳು ತಪ್ಪು ಮಾಡುತ್ತವೆ. ಊರಿನ ಹೆಸರು ಅದಲು ಬದಲಾಗುತ್ತದೆ, ಮನೆಹೆಸರು ತಪ್ಪಾಗುತ್ತದೆ, ಕೊಡವ ಪದದ ಕಾಗುಣಿತ ಅಂತೂ ಕೇಳಲೇಬೇಡಿ. ನೋಡಬೇಕಾದ್ದು ಆಮೇಲೆ ಏನು ಮಾಡಿದರು ಅನ್ನುವುದನ್ನು. ತಿದ್ದುಪಡಿ ಹಾಕಿದರಾ, ಎಲ್ಲಿ ಹಾಕಿದರು? ನಿಮ್ಮ ನೋಟ್‌ಬುಕ್‌ನಲ್ಲಿ ಪ್ರತಿ ಮೂಲಕ್ಕೂ ಒಂದು ಪುಟ ಇಡಿ. ನಿಮಗೆ ಖುದ್ದಾಗಿ ಗೊತ್ತಿರುವ ಘಟನೆಗಳ ವರದಿಯನ್ನು ಮಾತ್ರ ಅಲ್ಲಿ ಅಳೆಯಿರಿ. ನೀವು ಹೋಗಿದ್ದ ಗ್ರಾಮಸಭೆ, ನಿಮ್ಮ ರಸ್ತೆಯ ಮೇಲೆ ಬಿದ್ದ ಮರ, ನಿಮ್ಮೂರಿನ ಹಬ್ಬ. ನಿಮ್ಮ ಕಡೆಗೆ ಅನುಕೂಲವಾಗಿ ಬಂದ ತಪ್ಪನ್ನೂ ಬರೆಯಿರಿ. ಅದೇ ಕಷ್ಟದ ಭಾಗ, ನಮ್ಮ ಪರವಾದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಹತ್ತನೇ ಹೆಜ್ಜೆ: ಗೊಣಗುವ ಬದಲು ಬರೆಯಿರಿ

ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಹೇಳಿದ್ದಕ್ಕೆ ಹೊಣೆ ಹೊರುವವರು ಯಾರು ಅಂತ ತಿಳಿಯುವುದು ಅಲ್ಲೇ. ಸುದ್ದಿ ಪುಟ ನಡೆಸುವ ಫೇಸ್‌ಬುಕ್ ಖಾತೆಯಲ್ಲಿ ಇಂಥ ಒಂದು ಹೆಸರೂ ಸಿಗದಿದ್ದರೆ ಅದನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ತಪ್ಪು ವರದಿ ಬಂದರೆ ಮೊದಲು ಸಂಪಾದಕರಿಗೆ ಬರೆಯಬೇಕು. ಪತ್ರಿಕೆಯ ತಾರೀಕು, ಪುಟ, ತಪ್ಪಾದ ವಾಕ್ಯ, ಸರಿ ಏನು, ಅದಕ್ಕೆ ನಿಮ್ಮ ಹತ್ತಿರ ಇರುವ ದಾಖಲೆ ಯಾವುದು, ಇಷ್ಟು ಸಾಕು. ಬೈಗುಳ ಬೇಡ. ಉತ್ತರ ಬರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯ ವಿಷಯವಾದರೆ ಪ್ರಕಟವಾದ ಎರಡು ತಿಂಗಳ ಒಳಗೆ ಕೊಡಬೇಕು, ಸಂಪಾದಕರಿಗೆ ಬರೆದ ಪತ್ರದ ಪ್ರತಿಯನ್ನೂ ಜೊತೆಗೆ ಇಡಬೇಕು. ಅಂತರ್ಜಾಲದ ಸುದ್ದಿತಾಣಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮದ ಪ್ರಕಾರ ಕುಂದುಕೊರತೆ ಅಧಿಕಾರಿ ಇರಬೇಕು, ದೂರಿಗೆ 15 ದಿನದೊಳಗೆ ತೀರ್ಮಾನ ಕೊಡಬೇಕು. ಸ್ಕ್ರೀನ್‌ಶಾಟನ್ನು ಲಿಂಕ್ ಮತ್ತು ಸಮಯ ಕಾಣುವ ಹಾಗೆ ಮೊದಲೇ ತೆಗೆದಿಟ್ಟುಕೊಳ್ಳಿ, ದೂರು ಹೋದ ಮೇಲೆ ಸುದ್ದಿ ಮಾಯವಾಗುವುದುಂಟು. ಪೇಪರ್ ಆದರೆ ಕಟಿಂಗ್ ಮಾತ್ರ ಕತ್ತರಿಸಬೇಡಿ, ತಾರೀಕು ಇರುವ ಮೇಲಿನ ಅಂಚು ಸೇರಿಸಿ ಇಡೀ ಪುಟ ಎತ್ತಿಡಿ. ಮಳೆಗಾಲದಲ್ಲಿ ಒಲೆಯ ಹತ್ತಿರದ ಅಟ್ಟದಲ್ಲಿಟ್ಟರೆ ಬೂಸ್ಟು ಹಿಡಿಯುವುದಿಲ್ಲ.